ಕಾಲುಂಗುರದ ಕೆಳಗಿನ ಒದ್ದೆ

ಸ್ನಾನ ಮುಗಿದು ಎಷ್ಟೋ ಹೊತ್ತಾದರೂ ಪದ್ಮನಾಭ ಬಚ್ಚಲುಮನೆಯಿಂದ ಹೊರಗೆ ಬರಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು, ಒಂಟಿಕಾಲಿನಲ್ಲಿ ನಿಂತು, ಹಳೆಯ ಪಂಚೆಯ ತುಂಡಿನಿಂದ ಕಾಲ್ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದ. ಒರೆಸಿದ ಸಂದಿಯನ್ನೇ ಮತ್ತೆ ಬಿಡಿಸಿ ನೋಡುತ್ತಿದ್ದ. ಚರ್ಮ ಒಣಗಿ ಗಟ್ಟಿಯಾಗಿತ್ತು. ಗೋರಂಟಿಯ ಕೆಂಪು ಮಾಸಿ ಅಂಚಿನಲ್ಲಷ್ಟೇ ಉಳಿದಿತ್ತು. ಅವನ ಹುಣ್ಣು ವಾಸಿಯಾಗಿ ತಿಂಗಳು ಕಳೆದಿತ್ತು. ವಾಸಿಯಾದ ಕಾಲನ್ನು ಇಷ್ಟು ಹೊತ್ತು ನೋಡಿಕೊಳ್ಳುವುದೇನು ಎಂದು ತನಗೇ ಅನ್ನಿಸಿ ಕಾಲು ಕೆಳಗಿಟ್ಟ. ಹೊರಗೆ ಹೋದರೆ ಹೆಂಡತಿ ಎದುರಾಗುತ್ತಾಳೆ, ಎದುರಾದರೆ ಕಣ್ಣು ಅವಳ ಪಾದಕ್ಕೆ ಹೋಗುತ್ತದೆ, ಹೋದರೆ ಏನಾದರೂ ಹೇಳಬೇಕಾಗುತ್ತದೆ. ಇಷ್ಟೇ ವಿಷಯ. ಇಷ್ಟಕ್ಕೆ ಒಬ್ಬ ಗಂಡಸು ಬೆಳಗಿನ ಹೊತ್ತು ಬಚ್ಚಲುಮನೆಯಲ್ಲಿ ಅಡಗಿ ನಿಂತಿದ್ದ. ಅಡಿಗೆಮನೆಯಲ್ಲಿ ಪುಟ್ಟಲಕ್ಷ್ಮಿ ಓಡಾಡುತ್ತಿದ್ದದ್ದು ಕೇಳಿಸುತ್ತಿತ್ತು. ಮೊದಲಾದರೆ ಕೆಂಪು ಗಾರೆನೆಲದ ಮೇಲೆ ಅವಳ ಕಾಲುಂಗುರ ಟಣ್ ಟಣ್ ಅನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅವಳು ಒಲೆಯ ಹತ್ತಿರ ಇದ್ದಾಳೋ ನೀರಿನ ಕೊಡದ ಹತ್ತಿರ ಇದ್ದಾಳೋ ಹೇಳಬಹುದಾಗಿತ್ತು. ಈಗ ಆ ಸದ್ದಿಲ್ಲ. ಬಲಗಾಲಿನ ಹಿಮ್ಮಡಿಯನ್ನು ಮಾತ್ರ ಊರಿ, ಮುಂಗಾಲನ್ನು ಎತ್ತಿ ಹಿಡಿದು, ಎಳೆದು ಎಳೆದು ನಡೆಯುವ ಸದ್ದು. ಅದು ಬಚ್ಚಲಿನ ಬಾಗಿಲ ತನಕ ಬಂದು ನಿಂತಿತು. ಪದ್ಮನಾಭನ ಬಲಗೈ ತಾನಾಗಿ ಎಡಗೈಯ ಮಣಿಕಟ್ಟಿಗೆ ಹೋಯಿತು. ನಾಡಿ ಬಡಿಯುತ್ತಿತ್ತು. ಸ್ವಲ್ಪ ಜೋರಾಗಿಯೇ ಬಡಿಯುತ್ತಿತ್ತು.

"ಕಾಫಿ ಆರಿಹೋಗ್ತಾ ಇದೆ ರೀ," ಎಂದಳು ಹೊರಗಿನಿಂದ. ಅಷ್ಟೇ. ಮತ್ತೆ ಎಳೆಯುವ ಸದ್ದು ಅಡಿಗೆಮನೆಗೆ ಹೋಯಿತು.

ಎಲ್ಲಾ ಶುರುವಾದದ್ದು ಅವನ ಕಾಲಿನಿಂದಲೇ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ಸಿನ ಗುಮಾಸ್ತರೂ ಬೂಟು ಹಾಕಲೇಬೇಕೆಂದು ಹೊಸ ಮ್ಯಾನೇಜರು ಹುಕುಂ ಮಾಡಿದ್ದ. ಆ ವರ್ಷ ಜೂನ್ ಮಳೆಯೂ ಬಿಡದೆ ಹೊಡೆಯಿತು. ಬಸ್ಸಿಗೆಂದು ಕೆಸರು ತುಳಿದು ಬಂದ ಬೂಟು ಸಾಯಂಕಾಲದ ತನಕ ಕಾಲಲ್ಲೇ. ಕಾಲುಚೀಲ ಹಿಂಡಿದರೆ ನೀರು. ವಾರ ಕಳೆಯುವುದರೊಳಗೆ ಕಿರುಬೆರಳ ಸಂದಿಯಲ್ಲಿ ತುರಿಕೆ ಹತ್ತಿತು, ಆಮೇಲೆ ಚರ್ಮ ಬೆಳ್ಳಗೆ ನೆನೆದು ಸುಲಿಯಿತು, ಆಮೇಲೆ ವಾಸನೆ. ಆಫೀಸಿನಲ್ಲಿ ಮೇಜಿನ ಕೆಳಗೆ ಒಂದು ಬೂಟಿನಿಂದ ಇನ್ನೊಂದು ಬೂಟನ್ನು ಒತ್ತಿ ಒತ್ತಿ ತುರಿಕೆ ತಡೆದುಕೊಳ್ಳುವುದೇ ಅವನ ಮುಖ್ಯ ಕೆಲಸವಾಗಿತ್ತು. ಅಮ್ಮ ಒಂದು ದಿನ ಅವನ ಕಾಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಕಲ್ಯಾಣಮ್ಮನಿಗೆ ಇಂಥದ್ದೆಲ್ಲ ಗೊತ್ತು. "ಅಯ್ಯೋ, ಬೆರಳುಸಂದಿ ಹುಣ್ಣು ಕಣೋ. ಇದಕ್ಯಾಕೆ ಡಾಕ್ಟ್ರು," ಎಂದು ಪಕ್ಕದ ಮನೆ ಇಂದ್ರಮ್ಮನ ಬೇಲಿಯಿಂದ ಗೋರಂಟಿ ಸೊಪ್ಪು ತಂದು, ಅರಿಶಿನದ ಕೊಂಬು ಹಾಕಿ ಒರಳಲ್ಲಿ ನುಣ್ಣಗೆ ಅರೆದರು. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಕಾಲು ತೊಳೆಯಬೇಕು, ಎಳೆಬಿಸಿಲಲ್ಲಿ ಒಣಗಿಸಬೇಕು, ಆಮೇಲೆ ಗೋರಂಟಿ ಮೆತ್ತಬೇಕು, ಬೆಳಿಗ್ಗೆ ಎದ್ದು ಹೊಂಗೆ ಎಣ್ಣೆ ತೆಳ್ಳಗೆ ಸವರಬೇಕು. "ಮದ್ದಿಗಿಂತ ಒಣಗಿಸೋದು ಮುಖ್ಯ ಕಣೋ ಪದ್ದು. ಒದ್ದೆ ಇದ್ದರೆ ಅಮೃತ ಹಚ್ಚಿದರೂ ಅಷ್ಟೆ," ಎಂದರು. ಆ ಮಾತು ಅವನಿಗೆ ಅಕ್ಷರಕ್ಕಕ್ಷರ ನೆನಪಿದೆ. ಮರೆತುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಸಿಯಾಯಿತು ನಿಜ, ಆದರೆ ಗಂಡಸಿನ ಕಾಲ್ಬೆರಳು ಮದುವಣಗಿತ್ತಿಯದ್ದರ ಹಾಗೆ ಕೆಂಪಾಗಿ ಕೂತವು. ಸಹೋದ್ಯೋಗಿ ಚನ್ನಕೇಶವ ವಿಜಯನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಹೊಸ್ತಿಲಲ್ಲಿ ಬೂಟು ಬಿಚ್ಚಿದ್ದೇ ತಡ, "ಏನ್ ಸಾರ್, ಬೀಗರೂಟಕ್ಕೆ ಹೊರಟ ಹಾಗಿದೆ! ಕೈಗೂ ಹಚ್ಚಿಸ್ಕೋಬೇಕಿತ್ತು!" ಎಂದು ಚನ್ನಕೇಶವ ಇಡೀ ಪಡಸಾಲೆಗೆ ಕೇಳುವ ಹಾಗೆ ಕೂಗಿದ. ಹೆಂಗಸರೆಲ್ಲ ಬಾಗಿ ನೋಡಿದರು. ಪದ್ಮನಾಭ ನಕ್ಕ. ನಕ್ಕು, ಗೋರಂಟಿಯಲ್ಲಿ ಇರುವ ಗುಣ, ಬೂಷ್ಟು ಹೇಗೆ ಒದ್ದೆಯಲ್ಲಿ ಬೆಳೆಯುತ್ತದೆ, ನಮ್ಮ ಹಿರಿಯರ ಎಷ್ಟೋ ಆಚರಣೆಗಳಲ್ಲಿ ಜೊಳ್ಳು ಯಾವುದು ಕಾಳು ಯಾವುದು ಎಂದು ಊಟದ ಪಂಕ್ತಿಯಲ್ಲಿ ಹೋಳಿಗೆ ಬರುವ ತನಕ ಭಾಷಣ ಮಾಡಿದ. ಅವನಿಗೆ ಅದೊಂದು ಹೆಸರು ಇತ್ತು, ವಿಚಾರವಾದಿ ಎಂದು. ಗ್ರಹಣ ಹಿಡಿದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೆ ಉಪ್ಪಿಟ್ಟು ತರಿಸಿ ತಿಂದವನು ಅವನು. ತಿಂದ ಮೇಲೆ ಸಂಜೆಯ ತನಕ ಹೊಟ್ಟೆಯಲ್ಲಿ ಏನೋ ಆಗುತ್ತಿದೆ ಎಂದು ಹೆದರಿ ಕೂತಿದ್ದವನೂ ಅವನೇ, ಆದರೆ ಅದು ಯಾರಿಗೂ ಗೊತ್ತಿರಲಿಲ್ಲ.

ಅವನ ಕಾಲುಚೀಲಗಳನ್ನು ಕೈಯಲ್ಲಿ ಉಜ್ಜಿ ಒಗೆದವಳು ಪುಟ್ಟಲಕ್ಷ್ಮಿ. ಅವನು ನಿಂತು ಸ್ನಾನ ಮಾಡಿದ ಬಚ್ಚಲುಕಲ್ಲಿನ ಮೇಲೇ ಪಾತ್ರೆ ತೊಳೆದವಳೂ ಅವಳೇ. ಹೆಂಗಸರ ಕಾಲು ಮನೆಯಲ್ಲಿ ಒಣಗುವುದು ಯಾವಾಗ? ಅವನದು ಆರುತ್ತಾ ಬಂದಂತೆ ಅವಳದು ಹತ್ತಿಕೊಂಡಿತು. ಅಮ್ಮ ಅದೇ ಸೊಪ್ಪು ತಂದರು, ಅದೇ ಒರಳಲ್ಲಿ ಅರೆದರು. ಅವಳ ಉಳಿದ ಬೆರಳುಗಳೆಲ್ಲ ಹದವಾಗಿ ಕೆಂಪಾದವು. ಹೆಬ್ಬೆಟ್ಟಿನ ಪಕ್ಕದ ಬೆರಳು ಮಾತ್ರ, ಬೆಳ್ಳಿಯ ಕಾಲುಂಗುರ ಸುತ್ತಿಕೊಂಡ ಆ ಬೆರಳು, ಗೋರಂಟಿಯನ್ನು ಹಿಡಿಯಲೇ ಇಲ್ಲ. ಉಂಗುರದ ಕೆಳಗೆ ನೀರು ನಿಂತು ಚರ್ಮ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಊದಿಕೊಂಡಿತು. ಸುತ್ತಲೂ ಮದ್ದು ಬಳಿದರೆ ಸುತ್ತಲೂ ಒಣಗುತ್ತಿತ್ತು, ಒಳಗೆ ಒದ್ದೆ ಒದ್ದೆಯಾಗಿಯೇ ಇರುತ್ತಿತ್ತು. ಒಂದು ಭಾನುವಾರ ಅವನು ಜಗಲಿಯಲ್ಲಿ ಪೇಪರ್ ಓದುತ್ತಿದ್ದಾಗ ಪುಟ್ಟಲಕ್ಷ್ಮಿ ಬಂದು ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು. ಅಮ್ಮ ಹಿತ್ತಲಲ್ಲಿದ್ದರು. "ಒಣಗಿದ ಮೇಲೆ ಮತ್ತೆ ಹಾಕ್ಕೋತೀನಿ. ಇದನ್ನ ತೆಗೀಲಾ ರೀ?" ಎಂದು ಮೆಲ್ಲಗೆ ಕೇಳಿದಳು. ಅವನು ಪೇಪರ್ ಕೆಳಗೆ ಇಳಿಸಲಿಲ್ಲ. ತೆಗಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಎರಡೇ ಅಕ್ಷರ. ಅವನ ಬಾಯಿಂದ ಬಂದದ್ದು, "ಅಮ್ಮನ್ನ ಒಂದ್ಮಾತು ಕೇಳ್ಬೇಕಾಗತ್ತೆ. ನೋಡೋಣ ತಾಳು." ಅವಳು ಒಳಗೆ ಹೋದಳು. ಆಮೇಲೆ ಕೇಳಲಿಲ್ಲ. ಅವನೂ ಅಮ್ಮನನ್ನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನು ಅವನು ತನಗೆ ತಾನೇ ಹಲವು ಥರ ಹೇಳಿಕೊಂಡಿದ್ದ. ಮುದುಕಿಯ ಮನಸ್ಸು ನೋಯುತ್ತದೆ, ಅತ್ತೆ ಸೊಸೆಗೆ ಮನಸ್ತಾಪವಾಗುತ್ತದೆ, ಎರಡು ದಿನ ಬಿಸಿಲು ಬಂದರೆ ತಾನೇ ಒಣಗುತ್ತದೆ. ಒಂದೂ ನಿಜವಲ್ಲ. ನಿಜ ಏನೆಂದರೆ ತೆಂಗಿನಗರಿಯ ಚಪ್ಪರದ ಕೆಳಗೆ ಒಂದು ಬೆಳಿಗ್ಗೆ. ಅಪ್ಪ ಸತ್ತ ಹತ್ತನೆಯ ದಿನ. ಅಂಗಡಿಯಿಂದ ಬಂದು ಎದೆ ಒತ್ತಿಕೊಂಡು ಕೂತವರು ಹಾಗೇ ವಾಲಿಹೋಗಿದ್ದರು, ಮುಗಿಯಿತು. ಆ ಬೆಳಿಗ್ಗೆ ಅಮ್ಮನನ್ನು ಮಣೆಯ ಮೇಲೆ ಕೂರಿಸಿ, ಯಾರೋ ದೂರದ ಸಂಬಂಧದ ಮುದುಕಿ ಕಾಲುಂಗುರ ತೆಗೆಯಲು ಬಂದಳು. ಬಲಗಾಲಿನದು ಬರಲಿಲ್ಲ. ಹರಳೆಣ್ಣೆ ಹಚ್ಚಿ ತಿರುಚಿದಳು, ತಿರುಚಿ ಎಳೆದಳು, ಅಮ್ಮ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ಅಳಲೂ ಇಲ್ಲ, ತನ್ನದಲ್ಲದ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದರು. ಉಂಗುರ ಬಂದಾಗ ಬೆರಳಿಗೊಂದು ಬಿಳಿಯ ಗೀರು ಉಳಿದಿತ್ತು. ಆಗಿನ್ನೂ ಹುಡುಗನಾಗಿದ್ದ ಪದ್ಮನಾಭ ಅದನ್ನು ಕಂಬದ ಮರೆಯಿಂದ ನೋಡಿದ್ದ. ಈಗ ಅವನಿಗೆ ಹೆಚ್ಚುಕಡಮೆ ಅಪ್ಪನ ಆಗಿನ ವಯಸ್ಸು. ಮಾಗಡಿ ರೋಡಿನ ಬಸ್ಸಿನಲ್ಲಿ, ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವಾಗ, ಊಟದ ಮಧ್ಯೆ, ಎಲ್ಲೆಂದರಲ್ಲಿ ಕೈ ಮಣಿಕಟ್ಟಿಗೆ ಹೋಗುತ್ತಿತ್ತು. ಪುಟ್ಟಲಕ್ಷ್ಮಿಯ ಬೆರಳಿನಲ್ಲಿ ಉಂಗುರ ಇರುವ ತನಕ ತಾನೂ ಇರುತ್ತೇನೆ ಎಂದು ಅವನು ನಂಬಿದ್ದನೇ? ಥೂ, ಯಾರಾದರೂ ಕೇಳಿದ್ದರೆ ಕೆಂಡಾಮಂಡಲವಾಗುತ್ತಿದ್ದ. ಆದರೆ ತೆಗಿ ಅನ್ನುವ ಮಾತು ಬಾಯಿಗೆ ಬರುವ ಮೊದಲೇ ಆ ಚಪ್ಪರ ಕಣ್ಣೆದುರಿಗೆ ಬರುತ್ತಿತ್ತು. ಹೆದರಿಕೆ, ಬರಿಯ ಹೆದರಿಕೆ. ಅದಕ್ಕೆ ಬೇರೆ ಹೆಸರಿಲ್ಲ.

ಆವತ್ತು ಶ್ರಾವಣದ ಮಂಗಳವಾರ. ಮದುವೆಯಾಗಿ ಮೂರನೆಯ ವರ್ಷ. ಮಂಗಳಗೌರಿ ಪೂಜೆಗೆ ಪುಟ್ಟಲಕ್ಷ್ಮಿ ಕೂರಲೇಬೇಕು. ಅವನು ಕೊನೆಗೂ ಬಚ್ಚಲಿಂದ ಹೊರಬಿದ್ದು ಬಟ್ಟೆ ಹಾಕಿಕೊಂಡು ನಡುಮನೆಗೆ ಬಂದಾಗ ಅವಳು ಮಣೆಯ ಮುಂದೆ ನಿಂತು ಹೇಗೆ ಕೂರುವುದೆಂದು ತಿಳಿಯದೆ ಒದ್ದಾಡುತ್ತಿದ್ದಳು. ಬಲಗಾಲು ಮಡಿಸಲು ಬರುತ್ತಿರಲಿಲ್ಲ. ಪಾದ ರಾತ್ರಿಗಿಂತ ಊದಿತ್ತು. ಉಂಗುರ ಬೆರಳಿನೊಳಗೆ ಹೂತುಹೋದಂತೆ ಕಾಣುತ್ತಿತ್ತು. ದೇವರ ಕಡೆಗೆ ಕಾಲು ಚಾಚುವುದು ಹೇಗೆ? ಕೊನೆಗೆ ಗೋಡೆಯ ಕಡೆಗೆ ಕಾಲು ನೀಡಿ, ಸೊಂಟ ತಿರುಗಿಸಿ, ಅರ್ಧ ದೇವರಿಗೆ ಅರ್ಧ ಗೋಡೆಗೆ ಮುಖ ಮಾಡಿ ಕೂತಳು. ತಂಬಿಟ್ಟಿನ ದೀಪಗಳು ಉರಿಯುತ್ತಿದ್ದವು. ಆ ದೀಪದ ಮೇಲೆ ತುಪ್ಪ ಸವರಿದ ಚೂರಿ ಹಿಡಿದು ಕಾಡಿಗೆ ಕಟ್ಟಿಸುವಾಗ ಅವಳು ಇನ್ನೊಂದು ಕೈಯನ್ನು ನೆಲಕ್ಕೆ ಊರಿಕೊಂಡಿದ್ದಳು. ಹಣೆ ಬೆವರಿತ್ತು. ಗಂಡನ ಆಯುಸ್ಸು ಬೇಡುವ ಕಥೆಯನ್ನು ಕಲ್ಯಾಣಮ್ಮ ಓದುತ್ತಿದ್ದರು, ಅವಳು ಹೂಂಗುಡುತ್ತಿದ್ದಳು. ಪದ್ಮನಾಭನಿಗೆ ಹೇಸಿಗೆಯಾಯಿತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಕಥೆ ನಿಲ್ಲಿಸಿ ಕಲ್ಯಾಣಮ್ಮ ಸೊಸೆಯ ಹಣೆ ಮುಟ್ಟಿದರು. "ಪದ್ದು, ಮೈ ಸುಡ್ತಾ ಇದೆ ಕಣೋ. ಇದು ನನ್ನ ಸೊಪ್ಪು ಸದೆಗೆ ಬಗ್ಗೋದಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು." "ಸಾಯಂಕಾಲ ಬೇಗ ಬರ್ತೀನಮ್ಮ. ಆಫೀಸಲ್ಲಿ ಸ್ಟಾಕ್ ನೋಡ್ತಾ ಇದಾರೆ," ಎಂದ. ಸ್ಟಾಕ್ ನೋಡುವುದು ಮುಂದಿನ ತಿಂಗಳು. ಅವನು ಬೂಟು ಹಾಕಿಕೊಳ್ಳುವಾಗ ಪುಟ್ಟಲಕ್ಷ್ಮಿ ಕಾಡಿಗೆಯ ಚೂರಿಯನ್ನು ಹಿಡಿದುಕೊಂಡೇ ಅವನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಉತ್ತರ ಕೊಡಬಹುದಾಗಿತ್ತು. ಸುಮ್ಮನೆ ನೋಡಿದಳು.

ಕಾರ್ಖಾನೆಯಲ್ಲಿ ಬೆಳಗಿನ ಹೊತ್ತು ಹೇಗೋ ಕಳೆಯಿತು. ಕ್ಯಾಂಟೀನಿನಲ್ಲಿ ಚನ್ನಕೇಶವ ಕಾಫಿ ಲೋಟ ಹಿಡಿದು ಎದುರಿಗೆ ಬಂದು ಕೂತ. "ಮನೇಲಿ ಹೇಗಿದಾರೆ ಸಾರ್? ಕಾಲು ವಾಸಿಯಾಯ್ತಾ?" "ಎಲ್ಲಿ ಮಾರಾಯ. ಉಂಗುರದ ಕೆಳಗೆ ಒದ್ದೆ. ಅದನ್ನ ತೆಗೆದರೆ ನಾಳೆ ಬೆಳಿಗ್ಗೆ ಸರಿಹೋಗತ್ತೆ. ಅಮ್ಮ ಬಿಡಲ್ಲ, ಹಳೇ ಕಾಲದೋರು." ಮಾತು ಬಹಳ ಸಲೀಸಾಗಿ ಬಂತು, ಎಷ್ಟೋ ಸಲ ಹೇಳಿ ರೂಢಿಯಾಗಿತ್ತು. ಚನ್ನಕೇಶವ ಲೊಚಗುಟ್ಟಿದ. "ನಿಮ್ಮಂಥೋರ ಮನೇಲೇ ಹೀಗಾದ್ರೆ ನಮ್ಮ ಹಳ್ಳಿ ಕಡೆ ಗತಿ ಏನು ಸಾರ್! ಸ್ವಲ್ಪ ಗಟ್ಟಿಯಾಗಿ ಹೇಳಿ ನಿಮ್ಮ ತಾಯಿಗೆ." "ಹೇಳಿ ಹೇಳಿ ಸಾಕಾಯ್ತು," ಎಂದ ಪದ್ಮನಾಭ. ಪಕ್ಕದ ಮೇಜಿನವನೊಬ್ಬ ತಲೆ ತಿರುಗಿಸಿ, ಅವನ ಕಡೆಗೆ ಅನುಕಂಪದಿಂದ ನೋಡಿದ. ಆ ಅನುಕಂಪ ಅವನ ಮೈಮೇಲೆ ಬಿತ್ತು. ಬಿದ್ದ ಕೂಡಲೇ ಮೈ ಪರಚಿಕೊಳ್ಳುವ ಹಾಗಾಯಿತು. ಈಗ ಮನೆಯಲ್ಲಿ ಅಮ್ಮ ಏನು ಮಾಡುತ್ತಿರಬಹುದು? ಬೇವಿನ ನೀರು ಕಾಯಿಸಿ ಸೊಸೆಯ ಕಾಲಿಗೆ ಸುರಿಯುತ್ತಾ, ಒಣಬಟ್ಟೆಯಲ್ಲಿ ಒತ್ತುತ್ತಾ ಕೂತಿರಬಹುದು. ತಾನು ಇಲ್ಲಿ ಕೂತು ಆ ಮುದುಕಿಯನ್ನು ಕಾಫಿಯ ಜೊತೆ ನಂಜಿಕೊಳ್ಳುತ್ತಿದ್ದೇನೆ. ಲೋಟ ಅರ್ಧಕ್ಕೇ ಬಿಟ್ಟು ಎದ್ದ. ಅರ್ಧ ದಿನದ ರಜೆ ಕೇಳಿ, ಕೊಟ್ಟರೋ ಇಲ್ಲವೋ ಸರಿಯಾಗಿ ಕೇಳಿಸಿಕೊಳ್ಳದೆ ಗೇಟು ದಾಟಿದ.

ಮನೆಗೆ ಬಂದರೆ ಪುಟ್ಟಲಕ್ಷ್ಮಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಾದದಿಂದ ಮೊಣಕಾಲಿನ ಕಡೆಗೆ ಒಂದು ಕೆಂಪು ಗೆರೆ ಏರಿತ್ತು. ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದೆ, ಮುಟ್ಟಿದರೆ ಜೀವ ಹೋಗುತ್ತದೆ ಎಂದು ಕಲ್ಯಾಣಮ್ಮ ಹೇಳಿದರು. ಅವರೂ ಸೀರೆ ಬದಲಾಯಿಸಿಕೊಂಡು ಹೊರಟು ನಿಂತಿದ್ದರು; ಇವನು ಬರದಿದ್ದರೆ ಇಂದ್ರಮ್ಮನ ಜೊತೆ ತಾವೇ ಕರೆದುಕೊಂಡು ಹೋಗುವವರಿದ್ದರು. ಆಟೋದಲ್ಲಿ ಮೂವರೂ ಕೂತರು. ಪ್ರತಿ ಗುಂಡಿಗೂ ಪುಟ್ಟಲಕ್ಷ್ಮಿ ಹಲ್ಲು ಕಚ್ಚುತ್ತಿದ್ದಳು. ಅವಳ ಕಾಲು ಅತ್ತೆಯ ಮಡಿಲಲ್ಲಿತ್ತು.

ಡಾಕ್ಟರು ವಯಸ್ಸಾದವರು, ಮಾತು ಕಡಮೆ. ಕಾಲನ್ನು ದೀಪಕ್ಕೆ ಹಿಡಿದು ನೋಡಿದರು, ಗೆರೆಯ ಉದ್ದಕ್ಕೂ ಬೆರಳು ಆಡಿಸಿದರು. "ಮೊದಲು ಬರೀ ಫಂಗಸ್ಸು. ಆಮೇಲೆ ಬಿರುಕಿನಿಂದ ನಂಜು ಏರಿದೆ. ಏನು ಹಚ್ಚಿದ್ರಿ?" ಕಲ್ಯಾಣಮ್ಮ ಹೇಳಿದರು, ಗೋರಂಟಿ, ಅರಿಶಿನ, ಬೇವು, ಹೊಂಗೆ ಎಣ್ಣೆ. ಬೈಯುತ್ತಾರೆಂದು ಪದ್ಮನಾಭ ಕಾದ, ಬೈದರೆ ಚೆನ್ನ ಎಂದೂ ಅನ್ನಿಸಿತು. ಡಾಕ್ಟರು ಬೈಯಲಿಲ್ಲ. "ಮೊದಲಲ್ಲೇ ಒಣಗಿಸಿ ಹಚ್ಚಿದ್ರೆ ಅದರಲ್ಲೇ ಕಡಮೆ ಆಗ್ತಿತ್ತೇನೋ. ಉಂಗುರ ಇಟ್ಕೊಂಡು ಒಣಗೋದು ಹೇಗೆ? ಇಷ್ಟು ದಿನ ಯಾಕೆ ತೆಗೀಲಿಲ್ಲ?" ಎಂದು ಅವನ ಕಡೆ ತಿರುಗಿದರು. ಮೂರು ಜನವೂ ಅವನನ್ನೇ ನೋಡುತ್ತಿದ್ದರು. ಪದ್ಮನಾಭ ತಗ್ಗಿದ ದನಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದ: "ಮೈ ಮದರ್ ಈಸ್ ವೆರಿ ಆರ್ಥೊಡಾಕ್ಸ್, ಡಾಕ್ಟರ್. ಶಿ ವೋಂಟ್ ಅಲೌ." ಅಮ್ಮನಿಗೆ ಇಂಗ್ಲಿಷು ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಇಂಗ್ಲಿಷಿನಲ್ಲಿ ಹೇಳಿದ್ದು.

ಡಾಕ್ಟರಿಗೆ ಈ ಸೂಕ್ಷ್ಮವೆಲ್ಲ ಎಲ್ಲಿ ತಿಳಿಯಬೇಕು. ಅವರು ನೆಟ್ಟಗೆ ಕಲ್ಯಾಣಮ್ಮನ ಕಡೆ ತಿರುಗಿ, "ಏನಮ್ಮಾ, ಕಾಲುಂಗುರ ತೆಗೆಯೋದಕ್ಕೆ ನೀವು ಬಿಡಲಿಲ್ವಂತೆ?" ಎಂದರು.

"ನಾನಾ?" ಎಂದರು ಕಲ್ಯಾಣಮ್ಮ.

ಅವರು ಡಾಕ್ಟರನ್ನು ನೋಡಿದರು, ಮಗನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ಕೈತಪ್ಪಿ ಬಿದ್ದದ್ದನ್ನು ಎಲ್ಲಿ ಬಿತ್ತೆಂದು ಹುಡುಕುವವರ ಹಾಗೆ ನೋಡಿದರು. "ನನ್ನನ್ನ ಯಾರು ಕೇಳಿದ್ರು? ಇವಳಾಗೇ ಒಲ್ಲೆ ಅಂತಾಳೇನೋ ಅಂತ ನಾನು ಸುಮ್ಮನಿದ್ದೆ. ಸೊಸೆಗೆ ಇದನ್ನ ತೆಗಿ ಅಂತ ವಿಧವೆ ಬಾಯಲ್ಲಿ ಹೇಗೆ ಹೇಳೋದು, ಅದೂ ಶ್ರಾವಣದಲ್ಲಿ? ನೀನು ಹೇಳ್ತೀಯ ಅಂತ ಕಾಯ್ತಿದ್ದೆ ಕಣೋ." ಆಮೇಲೆ ದನಿ ಇಳಿಸಿ, ಅವನೊಬ್ಬನಿಗೇ ಎಂಬಂತೆ ಹೇಳಿದರು: "ನಾನು ಒಂದು ದಿನಾನೂ ತೆಗೆದವಳಲ್ಲ, ಬಾಣಂತನದಲ್ಲೂ ತೆಗೆದವಳಲ್ಲ. ಉಳಿದ್ರೇನೋ ನಿಮ್ಮಪ್ಪ?"

ಕಾಂಪೌಂಡರು ಪಕ್ಕದ ಕೋಣೆಯಲ್ಲಿ ಸೀಸೆ ಕುಲುಕುತ್ತಿದ್ದದ್ದು ಕೇಳಿಸುತ್ತಿತ್ತು. ಪದ್ಮನಾಭ ಪುಟ್ಟಲಕ್ಷ್ಮಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳು, ಗಂಡ ಅಮ್ಮನನ್ನು ಕೇಳಿದ್ದಾನೆಂದು, ಅಮ್ಮ ಬೇಡವೆಂದಿದ್ದಾರೆಂದು ತಿಳಿದುಕೊಂಡೇ ಇಷ್ಟು ದಿನ ನೋವು ನುಂಗಿದ್ದಳು. ಅದೇ ಅತ್ತೆ ಅರೆದು ಕೊಟ್ಟ ಗೋರಂಟಿಯನ್ನು ಮಾತಿಲ್ಲದೆ ಹಚ್ಚಿಸಿಕೊಂಡಿದ್ದಳು. ಈಗ ಆ ಲೆಕ್ಕ ಅವಳ ತಲೆಯಲ್ಲಿ ಸರಿಹೋಗುತ್ತಿರಬೇಕು. ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು, "ಉಂಗುರ ಕತ್ತರಿಸೋ ಸಾಮಾನು ನನ್ನ ಹತ್ರ ಇಲ್ಲ. ಯಾರಾದ್ರೂ ಅಕ್ಕಸಾಲಿ ಹತ್ರ ಈಗಲೇ ತೆಗೆಸ್ಕೊಂಡು ಬನ್ನಿ, ಡ್ರೆಸ್ಸಿಂಗ್ ಮಾಡ್ತೀನಿ. ನಾಳೆ ನಾಡಿದ್ದು ಅಂದ್ರೆ ಬೆರಳಿಗೇ ಬರತ್ತೆ," ಎಂದರು.

ಕಾಮಾಕ್ಷಿಪಾಳ್ಯದ ಸಂದಿಯಲ್ಲಿ, ಹೊಲಿಗೆ ಮಿಷನ್ನುಗಳ ಸದ್ದಿನ ನಡುವೆ, ಒಂದು ಪುಟ್ಟ ಅಕ್ಕಸಾಲಿ ಅಂಗಡಿ. ಅಂಗಡಿಯವನು ಪುಟ್ಟಲಕ್ಷ್ಮಿಯನ್ನು ಮಣೆಯ ಮೇಲೆ ಕೂರಿಸಿ ಪಾದವನ್ನು ಮರದ ದಿಮ್ಮಿಯ ಮೇಲೆ ಇಡಿಸಿದ. ಸಣ್ಣ ಇಕ್ಕಳವನ್ನು ಕೈಗೆತ್ತಿಕೊಂಡವನು ಹಾಗೇ ನಿಂತ. "ಮುತ್ತೈದೆ ಕಾಲಿಂದು. ನಾನಾಗಿ ಮುಟ್ಟೋದಿಲ್ಲ. ಯಜಮಾನ್ರು ಎಲ್ಲಿ?" ಪದ್ಮನಾಭ ಮುಂದೆ ಬಂದ. "ಕತ್ತರಿಸಲಾ ಸ್ವಾಮಿ?" "ಹೂಂ," ಎಂದ. "ಹೂಂ ಅಂದ್ರೆ ಆಗಲ್ಲ ಸ್ವಾಮಿ. ನೀವು ಬಾಯಿಬಿಟ್ಟು ಹೇಳಬೇಕು. ನಾಳೆ ನಿಮ್ಮ ಮನೇಲಿ ಏನಾದ್ರೂ ಆದ್ರೆ ನನ್ನ ಕೈಗೆ ದೋಷ ಬರಬಾರ್ದು ನೋಡಿ." ಕಲ್ಯಾಣಮ್ಮ ಸೆರಗಿನ ಗಂಟಿನಿಂದ ಅರಿಶಿನ ಹಚ್ಚಿದ ದಾರವೊಂದನ್ನು ತೆಗೆದರು. ಯಾವಾಗ ತೆಗೆದಿಟ್ಟುಕೊಂಡಿದ್ದರೋ. "ತೆಗೆಯೋಕ್ಕೆ ಮುಂಚೆ ಬೆರಳಿಗೆ ಇದನ್ನ ಕಟ್ಟಿಬಿಡಪ್ಪ, ಬರಿಗಾಲು ಅನ್ನಿಸೋದು ಬೇಡ," ಎಂದರು. ಪುಟ್ಟಲಕ್ಷ್ಮಿ ಅತ್ತೆಯ ಕೈಯನ್ನು ಮೆಲ್ಲಗೆ ಹಿಡಿದಳು. "ಬೇಡ ಅತ್ತೆ. ಅದೂ ಒದ್ದೆಯಾಗತ್ತೆ." ಅವರು ದಾರವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು.

ಎಲ್ಲರೂ ಕಾಯುತ್ತಿದ್ದರು. ಮದುವೆಯ ದಿನ ಇದೇ ಕಾಲನ್ನು ಹಿಡಿದು ಒರಳುಕಲ್ಲಿನ ಮೇಲೆ ಇಡಿಸಿ, ಪುರೋಹಿತರು ಹೇಳಿದಂತೆ ಇದೇ ಉಂಗುರ ತೊಡಿಸಿದ್ದ; ಅವಳ ಬೆರಳು ಆಗ ತಣ್ಣಗಿತ್ತು, ಅವಳು ನಗು ತಡೆಯಲಾರದೆ ಕಾಲು ಅಲುಗಿಸಿದ್ದಳು. ಈಗ ಆ ಬೆರಳು ಸುಡುತ್ತಿತ್ತು, ವಾಸನೆ ಬರುತ್ತಿತ್ತು. "ತೆಗೀರಿ," ಎಂದ ಪದ್ಮನಾಭ. ದನಿ ಬೇರೆ ಯಾರದೋ ಇದ್ದ ಹಾಗಿತ್ತು. ಅಕ್ಕಸಾಲಿ ಇಕ್ಕಳದ ಮೂತಿಯನ್ನು ಉಂಗುರದಡಿಗೆ ತೂರಿಸಿದ. ಪುಟ್ಟಲಕ್ಷ್ಮಿ ಕಿರುಚಲಿಲ್ಲ, ಅತ್ತೆಯ ತೋಳನ್ನು ಉಗುರು ಊರುವ ಹಾಗೆ ಹಿಡಿದಳು. ಕಟ್ ಎಂದು ಒಂದು ಸಣ್ಣ ಸದ್ದು. ಬೆಳ್ಳಿ ಬಾಯಿ ಬಿಟ್ಟಿತು. ಕೆಳಗಿನ ಚರ್ಮ ಬೆಳ್ಳಗೆ, ಸುಕ್ಕುಗಟ್ಟಿ, ನೀರಲ್ಲಿ ಬಹಳ ದಿನ ಬಿದ್ದಿದ್ದುದರ ಹಾಗೆ ಕಂಡಿತು. ಚಪ್ಪರದ ಕೆಳಗೆ ಕಂಡಿದ್ದ ಬಿಳಿಯ ಗೀರೇ ಅದು. ಗಾಳಿ ತಾಕಿದ್ದಕ್ಕೋ ಏನೋ ಅವಳು ಉಸ್ ಎಂದು ಉಸಿರು ಬಿಟ್ಟಳು.

ಆ ಹೊತ್ತಿಗೆ ಪದ್ಮನಾಭ ಅವಳ ಕಾಲನ್ನು ನೋಡುತ್ತಿರಲಿಲ್ಲ. ಅವನ ಬಲಗೈ ಎಡಗೈಯ ಮಣಿಕಟ್ಟಿನ ಮೇಲಿತ್ತು. ಬಡಿಯುತ್ತಿದೆ, ಹೌದು, ಬಡಿಯುತ್ತಿದೆ, ಇನ್ನೊಂದು, ಇನ್ನೊಂದು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ತಲೆಯೆತ್ತಿದಾಗ ಪುಟ್ಟಲಕ್ಷ್ಮಿ ಅವನ ಕೈಯನ್ನೇ ನೋಡುತ್ತಿದ್ದಳು. ಮೊದಲು ಕೈಯನ್ನು, ಆಮೇಲೆ ಮುಖವನ್ನು. ಅವನು ಕೈ ಬಿಡಿಸಿಕೊಂಡು ಗಡಿಯಾರ ಸರಿಮಾಡುವವನಂತೆ ನಟಿಸಿದ. ಗಡಿಯಾರ ಆ ಕೈಯಲ್ಲಿ ಇರಲಿಲ್ಲ. ಅವಳ ಮುಖದಲ್ಲಿ ಏನೋ ಒಂದು ಬಾಗಿಲು ಹಾಕಿಕೊಂಡಿತು; ಅವನಿಗೆ ಅದು ಸ್ಪಷ್ಟವಾಗಿ ಕಂಡಿತು.

"ಏನೂ ಆಗ್ಲಿಲ್ಲ ಅಲ್ವಾ ನಿಮಗೆ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ. ಪರಿಚಯದವರ ಯೋಗಕ್ಷೇಮ ವಿಚಾರಿಸಿದಷ್ಟೇ ಸಾದಾ ದನಿ.

ಅವಳು ಬಾಗಿ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅದ್ಯಾಕಮ್ಮಾ, ಅದು ಚೆನ್ನಾಗೇ ಇದೆಯಲ್ಲ," ಎಂದ ಅಕ್ಕಸಾಲಿ. "ಇಲ್ಲೂ ಶುರುವಾಗಿದೆ. ಯಾರೂ ನೋಡಿಲ್ಲ ಅಷ್ಟೆ," ಎಂದು ಪುಟ್ಟಲಕ್ಷ್ಮಿ ಎಡಗಾಲಿನ ಉಂಗುರವನ್ನು ತಾನೇ ತಿರುಚಿದಳು. ಅದಕ್ಕೆ ಎಣ್ಣೆ ಬೇಕಾಗಲಿಲ್ಲ, ಇಕ್ಕಳ ಬೇಕಾಗಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಎರಡು ಸಲ ತಿರುಚಿದ್ದಕ್ಕೆ ಸುಲಭವಾಗಿ ಬಂದುಬಿಟ್ಟಿತು. ದಿಮ್ಮಿಯ ಮೇಲಿದ್ದ ಕತ್ತರಿಸಿದ ಉಂಗುರವನ್ನೂ ಎತ್ತಿಕೊಂಡು, ಎರಡನ್ನೂ ಸೆರಗಿನಲ್ಲಿ ಒರೆಸಿ, ಗಂಡನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾನೇ ಮಡಿಸಿದಳು. ಅವಳ ಕೈ ಜ್ವರದಲ್ಲಿ ಕಾದಿತ್ತು.

"ಇಟ್ಕೊಳ್ಳಿ," ಎಂದಳು. "ಇವು ನಿಮಗೇ ಬೇಕಾಗಿರೋದು."

ಕಲ್ಯಾಣಮ್ಮ ಸೊಸೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು. ಇಬ್ಬರೂ ಮೆಟ್ಟಿಲಿಳಿದು ಆಟೋದ ಕಡೆಗೆ ನಡೆದರು, ಮುದುಕಿ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತಾ, ಪುಟ್ಟಲಕ್ಷ್ಮಿ ಹಿಮ್ಮಡಿ ಊರುತ್ತಾ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಪದ್ಮನಾಭ ಅಕ್ಕಸಾಲಿಗೆ ದುಡ್ಡು ಕೊಟ್ಟು, ಉಂಗುರಗಳನ್ನು ಷರಟಿನ ಜೇಬಿಗೆ ಹಾಕಿಕೊಂಡ. ಜೇಬು ಎಡಗಡೆಗಿತ್ತು. ಅವು ಇನ್ನೂ ಬೆಚ್ಚಗಿದ್ದವು, ಒಂದು ಮಾತ್ರ ಸ್ವಲ್ಪ ಒದ್ದೆಯಾಗಿತ್ತು. ಆಟೋದೊಳಗಿನಿಂದ ಅಮ್ಮ ಕರೆದರು, "ಬಾರೋ, ಡಾಕ್ಟ್ರು ಕಾಯ್ತಿರ್ತಾರೆ." ಪುಟ್ಟಲಕ್ಷ್ಮಿ ಕರೆಯಲಿಲ್ಲ. ಅವಳು ಅತ್ತೆಯ ಮಡಿಲಲ್ಲಿ ಕಾಲು ನೀಡಿ, ಬರಿದಾದ ಬೆರಳನ್ನು ಬಿಸಿಲಿಗೆ ಹಿಡಿದು ಒಣಗಿಸಿಕೊಳ್ಳುತ್ತಿದ್ದಳು.